ಕ್ಯಾಂಟನೀಸ್-ಕನ್ನಡ ಪದಪಟ್ಟಿ: 'ಸೊಯ್2' ನಮೂದು ಎಲ್ಲಿಗೆ ಬಂತು

ಹಾಂಗ್‌ಕಾಂಗ್‌ನಲ್ಲಿ ಆಡುವ ಚೀನೀ ಭಾಷೆ ಕ್ಯಾಂಟನೀಸ್‌ನಲ್ಲಿ ಸೊಯ್2 ಅಂದರೆ ನೀರು (ಅಂಕಿ ದನಿಯ ಏರಿಳಿತದ ಗುರುತು). ಹಾಂಗ್‌ಕಾಂಗ್‌ನ ಆಡುಮಾತಿನಲ್ಲಿ ದುಡ್ಡೂ ಹೌದು. ಈ ಸಲ ನಮೂದನ್ನು ಒಡೆದು, ಬಿಡಿಪದಕ್ಕೆ 'ನೀರು' ಅಷ್ಟನ್ನೇ ಉಳಿಸಿದೆ. ದುಡ್ಡಿನ ಅರ್ಥವೆಲ್ಲ ಪದಗುಚ್ಛಗಳ ಕಲಿಕೆಯ ಕಾರ್ಡಿಗೆ ಹೋಯಿತು, ಏಕೆಂದರೆ ಆ ಅರ್ಥವನ್ನು ಕೊಡುವುದು ಪಕ್ಕದ ಪದ.

'ಯತ್1 ಪುಯ್1 ಸೊಯ್2' ಒಂದು ಲೋಟ ನೀರು. 'ಯತ್1 ಕವ್6 ಸೊಯ್2' ನೂರು ಡಾಲರ್. ಕವ್6 ಎಂಬುದು ಕಲ್ಲು, ಮಾಂಸದಂಥ ಗಟ್ಟಿ ತುಂಡುಗಳನ್ನು ಎಣಿಸುವ ಪದ. ನೀರಿಗೆ ತುಂಡು ಎಲ್ಲಿಯದು? ಕೇಳಿದವರ ಮನಸ್ಸು ನೇರ ದುಡ್ಡಿಗೆ ಹೋಗುತ್ತದೆ. ಸಾವಿರಕ್ಕೆ 'ಯತ್1 ಫೀತ್3 ಸೊಯ್2'.

ಲಿಪಿಯ ನಿಯಮ: ಕ್ಯಾಂಟನೀಸನ್ನು ರೋಮನ್ ಲಿಪಿಯಲ್ಲಿ ಬರೆಯುವ 1993ರ ಜ್ಯುಟ್‌ಪಿಂಗ್ ಪದ್ಧತಿಯ 'ಬಿ', 'ಡಿ', 'ಜಿ' ಕಂಡಲ್ಲಿ ಬ, ದ, ಗ ಬರೆಯಬಾರದು. ಅವು ಅಲ್ಪಪ್ರಾಣ ಪ, ತ, ಕ. 'ಪಿ', 'ಟಿ', 'ಕೆ' ಪದದ ಮೊದಲಲ್ಲಿ ಬಂದರೆ ಮಹಾಪ್ರಾಣ. ಈ ವ್ಯತ್ಯಾಸ ತೋರಿಸಲು ನಮ್ಮ ಲಿಪಿ ರೋಮನ್‌ಗಿಂತ ಚೆನ್ನ. 'ಸೊಯ್'ನ ಸ್ವರ ಮಾತ್ರ ಕನ್ನಡದಲ್ಲಿಲ್ಲ, ತುಟಿ ದುಂಡಗೇ ಇರಬೇಕು. ಧ್ವನಿಮುದ್ರಿಕೆ ಇಲ್ಲದೆ ಕಾರ್ಡು ಬೇಡ.

ಅಂಕಿ ಸೂಚಿಸುವುದು ತಾನವನ್ನು, ಅಂದರೆ ಪದದ ಅರ್ಥ ಬದಲಿಸುವ ದನಿಯ ಏರಿಳಿತವನ್ನು. 2 ಎಂದರೆ ದನಿ ಮೇಲೇರಬೇಕು, ವಾಕ್ಯದ ಕೊನೆಯಲ್ಲೂ. ನಾವು ವಾಕ್ಯ ಮುಗಿಸುವಾಗ ದನಿ ಇಳಿಸುತ್ತೇವೆ, ಹೆಚ್ಚಿನವರು ಎಡವುವುದು ಇಲ್ಲೇ. ಸೊಯ್1 ಕೆಟ್ಟದ್ದು, ಸೊಯ್3 ವಯಸ್ಸಿನ ವರ್ಷ, ಸೊಯ್6 ನಿದ್ದೆ.

ಕಾರ್ಡಿನ ಮುಂದೆ ಗುಚ್ಛವಿರುವ ಪೂರ್ತಿ ವಾಕ್ಯ. ಹಿಂದೆ ಮೂರು ಸಾಲು: ಅಕ್ಷರಾರ್ಥ, ಬಳಕೆಯ ಅರ್ಥ, ಯಾರು ಯಾರಿಗೆ ಹೇಳಬಹುದು. ಮೂರನೆಯದನ್ನು ಬಿಡಲೇಬಾರದು. 'ಪಾಂಗ್6 ಸೊಯ್2' (ನೀರು ತೂಗು) ಅಂದರೆ 'ದುಡ್ಡು ತೆಗಿ'. ಗೆಳೆಯರಲ್ಲಿ ಸರಿ, ಬ್ಯಾಂಕಿನಲ್ಲಿ, ಹಿರಿಯರ ಮುಂದೆ 'ಛೀನ್2' (ದುಡ್ಡಿಗೆ ಸಾಮಾನ್ಯ ಪದ) ಎನ್ನಬೇಕು. 'ವುಯ್4 ಸೊಯ್2' (ನೀರು ಮರಳಿಸು) ಕಾರ್ಡಿಗೆ ಒಳ್ಳೆಯ ಉದಾಹರಣೆ ಇದೆ: 2024ರ ಫೆಬ್ರವರಿ 4ರಂದು ಹಾಂಗ್‌ಕಾಂಗ್ ಕ್ರೀಡಾಂಗಣದಲ್ಲಿ ಮೆಸ್ಸಿ ಆಡಲಿಳಿಯದಿದ್ದಾಗ ಜನ ಟಿಕೆಟ್ ಹಣಕ್ಕಾಗಿ ಕೂಗಿದ್ದು ಇದನ್ನೇ.

ಎಲ್ಲವೂ ದುಡ್ಡಲ್ಲ. 'ಛೊಯ್1 ಸೊಯ್2' (ನೀರು ಊದು) ಹರಟೆ, ಕೆಲವೊಮ್ಮೆ ಬುರುಡೆ. 'ಥುಂಗ್1 ಸೊಯ್2' ಗುಟ್ಟಾಗಿ ಉತ್ತರ ದಾಟಿಸುವುದು. 'ಸೊಯ್2 ಫ಼ೋ3' ಅಧಿಕೃತ ವಿತರಕರನ್ನು ಬಿಟ್ಟು ಬೇರೆ ದಾರಿಯಲ್ಲಿ ಬಂದ ಅಸಲಿ ಸರಕು; 'ನಕಲಿ ಮಾಲು' ಎಂದು ಬರೆದರೆ ತಪ್ಪು.

ಬಾಕಿ: 'ಛವ್1 ಸೊಯ್2'. ನೀರೆತ್ತುವುದು, ಮಾಜಾಂಗ್ ಆಟದಲ್ಲಿ ಗೆದ್ದವರಿಂದ ಪಾಲು ಕೀಳುವುದು, ನಡೆದ ಸಂಗತಿಯನ್ನು ಹಿಡಿದು ಕುಟುಕುವುದು. ಮೂರಕ್ಕೂ ಬೇರೆ ಬೇರೆ ಕಾರ್ಡು ಬೇಕು. ಮೊದಲೆರಡರ ವಾಕ್ಯ ಸಿದ್ಧ, ಮೂರನೆಯದರ ಧ್ವನಿಮುದ್ರಣ ಆಗಬೇಕಿದೆ.