471 ಅಂದ್ರೆ ಹಂದಿ ಕೊಬ್ಬಾ?

ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಆಗಾಗ ಸುತ್ತುತ್ತಿರುತ್ತದೆ. ಪ್ಯಾಕೆಟ್ ಹಿಂದೆ 322, 471 ಅಂತ ಇದ್ದರೆ ಅದರಲ್ಲಿ ಹಂದಿ ಕೊಬ್ಬಿದೆ, ತಿನ್ನಬೇಡಿ ಅಂತ. ನಮ್ಮ ಶಿರಸಿ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ, ಅವರಿಗೆ ಇದು ಸಣ್ಣ ಮಾತಲ್ಲ. ಅದಕ್ಕೇ ಸರಿಯಾಗಿ ಹೇಳಬೇಕು ಅನ್ನಿಸಿತು.

ಇವೆಲ್ಲ ಎಮಲ್ಸಿಫೈಯರ್‌ಗಳು. ಎಣ್ಣೆ ಮತ್ತು ನೀರು ಬೇರೆ ಬೇರೆ ಆಗದಂತೆ ಹಿಡಿದಿಡುವುದು ಇವುಗಳ ಕೆಲಸ. ಪಾಯಸಕ್ಕೆ ಹಾಕುವ ಕಾಯಿಹಾಲಿನಲ್ಲಿ ತೆಂಗಿನಕಾಯಿಯದ್ದೇ ಪ್ರೋಟೀನು ಈ ಕೆಲಸ ಮಾಡುತ್ತದೆ, ಆದರೆ ಅದರ ಹಿಡಿತ ಕಮ್ಮಿ, ಜೋರಾಗಿ ಕುದಿಸಿದರೆ ಒಡೆದು ಎಣ್ಣೆ ಮೇಲೆ ಬರುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಇರಬೇಕಾದ ಡಬ್ಬಿಯ ಕಾಯಿಹಾಲಿಗೆ ಅಷ್ಟು ಸಾಲದು, ಅದಕ್ಕೇ ಏನಾದರೂ ಸೇರಿಸುತ್ತಾರೆ.

322 ಅಂದರೆ ಲೆಸಿಥಿನ್. ಬಿಸ್ಕತ್ತು, ಚಾಕೊಲೇಟಿನಲ್ಲಿ ಬರುವುದು ಹೆಚ್ಚಾಗಿ ಸೋಯಾದ್ದು. ಮೊಟ್ಟೆಯಿಂದಲೂ ತೆಗೆಯಬಹುದು. 471 ಮಾತ್ರ ಸ್ವಲ್ಪ ಗೋಜಲು. ಅದು ಮೊನೋ ಮತ್ತು ಡೈಗ್ಲಿಸರೈಡ್‌ಗಳು, ತಾಳೆ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿ ಕೊಬ್ಬಿನಿಂದಲೂ ಆಗುತ್ತದೆ, ಯಾವುದರಿಂದ ಅಂತ ಆ ಸಂಖ್ಯೆ ಹೇಳುವುದಿಲ್ಲ. ಹಾಗಾಗಿ ನೋಡಬೇಕಾದ್ದು ಹಸಿರು ಚುಕ್ಕೆ. ಪ್ರಾಣಿಮೂಲದ್ದು ಚೂರು ಇದ್ದರೂ, ಮೊಟ್ಟೆಯದ್ದಾದರೂ, ಆ ಚುಕ್ಕೆ ಹಾಕುವ ಹಾಗಿಲ್ಲ (ಹಾಲು, ಜೇನಿಗೆ ವಿನಾಯಿತಿ ಇದೆ). 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಬರೀ ಸಂಖ್ಯೆ ಕೊಟ್ಟರೆ ಸಾಲದು, ಅದು ಗಿಡದ್ದೋ ಪ್ರಾಣಿಯದ್ದೋ ಅಂತಲೂ ತಿಳಿಸಬೇಕು ಎಂದಿತು. ಬಹಳ ಒಳ್ಳೆಯ ಮಾತು. ತಿನ್ನುವವರಿಗೆ ಅಷ್ಟು ಗೊತ್ತಾಗಲೇಬೇಕು ಅಲ್ವಾ?

ಈ ಪಟ್ಟಿ ಕಳಿಸುವವರು 433 ಮತ್ತು 466ರ ಬಗ್ಗೆ ಯೋಚಿಸಿದ್ದರೆ ಚೆನ್ನಾಗಿತ್ತು. ಒಂದು ಪಾಲಿಸಾರ್ಬೇಟ್ 80, ಇನ್ನೊಂದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಎರಡೂ ಐಸ್‌ಕ್ರೀಮಿನಲ್ಲಿ ಸಿಗುತ್ತವೆ. 2015ರಲ್ಲಿ ಇಲಿಗಳಿಗೆ ಇವನ್ನು ಕೊಟ್ಟು ನೋಡಿದಾಗ ಕರುಳಿನ ಬ್ಯಾಕ್ಟೀರಿಯಾ ಏರುಪೇರಾಗಿ ಸಣ್ಣಗೆ ಉರಿಯೂತ ಶುರುವಾಗಿತ್ತು. 2022ರಲ್ಲಿ 466ನ್ನು ಮನುಷ್ಯರ ಮೇಲೂ ನೋಡಿದರು. ದಿನಕ್ಕೆ 15 ಗ್ರಾಂ, 11 ದಿನ. ಅವರ ಕರುಳಿನಲ್ಲೂ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಾಯಿತು. 15 ಗ್ರಾಂ ತುಂಬಾ ಜಾಸ್ತಿಯೇ, ಪರೀಕ್ಷೆಗೆ ಸೇರಿದವರೂ ಕೆಲವೇ ಜನ, ನಿಜ. ಆದರೂ ಮಕ್ಕಳಿಗೆ ದಿನಾ ಕೊಡುವ ತಿಂಡಿಯಲ್ಲಿ ಇವು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಔಷಧಿಯ ಮಾತು ಬೇರೆ. ಅದೇ ಪಾಲಿಸಾರ್ಬೇಟ್ 80 ನಾವೆಲ್ಲ ಹಾಕಿಸಿಕೊಂಡ ಕೋವಿಶೀಲ್ಡ್‌ನಲ್ಲೂ ಇತ್ತು, ಆದರೆ ಚೂರೇ ಚೂರು, ಅದೂ ಎರಡೋ ಮೂರೋ ಸಲ. ಆಪರೇಶನ್‌ಗೆ ಮುಂಚೆ ಪ್ರಜ್ಞೆ ತಪ್ಪಿಸಲು ಕೊಡುವ ಪ್ರೊಪೊಫಾಲ್ ಇಂಜೆಕ್ಷನ್ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಆ ಔಷಧಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ಸೋಯಾ ಎಣ್ಣೆಯಲ್ಲಿ ಕರಗಿಸಿ, ಮೊಟ್ಟೆಯ ಲೆಸಿಥಿನ್ ಹಾಕಿ ನೀರಿನೊಂದಿಗೆ ಹೊಂದಿಸುತ್ತಾರೆ. ಲೆಸಿಥಿನ್ ಇಲ್ಲದಿದ್ದರೆ ಎಣ್ಣೆ ಬೇರೆಯಾಗುತ್ತದೆ, ಅಂಥದ್ದನ್ನು ರಕ್ತನಾಳಕ್ಕೆ ಕೊಡುವ ಹಾಗೇ ಇಲ್ಲ. ಮೊಟ್ಟೆ ಅಥವಾ ಸೋಯಾ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ಹೇಳಿಬಿಡಿ. ಸಸ್ಯಾಹಾರಿ ಅನ್ನುವ ಕಾರಣಕ್ಕೆ ಮಾತ್ರ ದಯವಿಟ್ಟು ಬೇಡ ಅನ್ನಬೇಡಿ.