ಪ್ರಾರ್ಥನೆಯ ಹಾಡು, ಬ್ಯಾಂಡಿನ ಧಾಟಿ

ನಮ್ಮ ಶಾಲೆಯಲ್ಲಿ ಓದಿದವರಿಗೆ ‘ಶಕ್ತಿಸಹಿತ ಗಣಪತಿಂ’ ಬಾಯಿಗೆ ಬಾರದೆ ಇರುತ್ತದೆಯೇ? ಬೆಳಗಿನ ಪ್ರಾರ್ಥನೆಗೆ ಅದೇ ಮೊದಲ ಹಾಡು. ಸಂಗೀತದ ಮೇಷ್ಟ್ರು ಪಿಟೀಲಿನಲ್ಲಿ ಒಂದು ಸಾಲು ನುಡಿಸಿದರೆ ಸಾಕು, ಕೊನೆಯ ಸಾಲಿನ ಹುಡುಗರೂ ದನಿ ಸೇರಿಸುತ್ತಿದ್ದರು.

ಆ ಹಾಡಿನ ಕಥೆಯನ್ನು ಮೇಷ್ಟ್ರು ಹೇಳಿದ್ದು ಏಳನೇ ತರಗತಿಯಲ್ಲಿ. ಕರ್ನಾಟಕ ಸಂಗೀತದ ದೊಡ್ಡ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರು ಚಿಕ್ಕವರಿದ್ದಾಗ ಅವರ ಮನೆಯವರು ಮದ್ರಾಸಿನ ಹತ್ತಿರದ ಮಣಲಿಯಲ್ಲಿದ್ದರು. ಆಶ್ರಯ ಕೊಟ್ಟಿದ್ದ ಮುದಲಿಯಾರರ ಜೊತೆ ಸೇಂಟ್ ಜಾರ್ಜ್ ಕೋಟೆಗೆ ಹೋದಾಗ ಇಂಗ್ಲಿಷರ ಬ್ಯಾಂಡ್ ಕಿವಿಗೆ ಬಿತ್ತು. ಆ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ದೇವರ ಸ್ತುತಿ ಕಟ್ಟಿದರು. ಅವೇ ನೊಟ್ಟುಸ್ವರಗಳು, ಸುಮಾರು 40. ರಾಜನನ್ನು ಕಾಪಾಡು ಎಂದು ಬೇಡುವ ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯಲ್ಲೇ ‘ಸಂತತಂ ಪಾಹಿಮಾಂ’ ಎಂದು ದೇವಿಗೆ ಮೊರೆಯಿಟ್ಟರು. ಎಷ್ಟು ಧೈರ್ಯ, ಅಲ್ವಾ?

ಅವರ ತಮ್ಮ ಬಾಲುಸ್ವಾಮಿ ಅಲ್ಲಿಯೇ ಪಾಶ್ಚಾತ್ಯರ ವಾದ್ಯವಾದ ಪಿಟೀಲು ಕಲಿತರು. ಅದು ನಮ್ಮದಾದದ್ದು ಹೇಗೆ ಅಂತ ಮೇಷ್ಟ್ರು ಮಾಡಿ ತೋರಿಸಿದರು. ಮೊದಲು ನಿಂತು, ಗದ್ದಕ್ಕೆ ಒತ್ತಿ ಹಿಡಿದರು. ಆಮೇಲೆ ಚಾಪೆಯ ಮೇಲೆ ಕೂತು, ಬಲಗಾಲು ಚಾಚಿ, ಪಿಟೀಲಿನ ತುದಿಯನ್ನು ಹರಡಿನ ಮೇಲಿಟ್ಟರು. ಬಿರಡೆ ತಿರುಗಿಸಿ ತಂತಿಗಳನ್ನು ಸ-ಪ-ಸ-ಪಕ್ಕೆ ಕೂಡಿಸಿದರು. ಕೈಗೆ ಪಿಟೀಲಿನ ಭಾರವಿಲ್ಲ. ಬೆರಳು ಹಗುರಾಗಿ ಜಾರುತ್ತದೆ, ಸ್ವರವನ್ನು ಅಲುಗಾಡಿಸಿ ನುಡಿಸುವ ಗಮಕ ಬರುತ್ತದೆ. ಶಂಕರಾಭರಣ ರಾಗದ ಆಲಾಪನೆ ಸ್ವಲ್ಪ ನುಡಿಸಿ, ತಕ್ಷಣ ನೊಟ್ಟುಸ್ವರಕ್ಕೆ ಹೊರಳಿದರು. “ಇಲ್ಲಿ ಅಲುಗಾಡಿಸಬೇಡಿ ಕಣ್ರೋ, ಸ್ವರ ನೆಟ್ಟಗೆ ಹಿಡೀರಿ” ಅಂದರು. ರಾಗ ಒಂದೇ, ನಡಿಗೆ ಬೇರೆ. ಅವತ್ತು ನಮ್ಮ ಕಿವಿ ತೆರೆಯಿತು.

ಮೈಸೂರಿನ ಮಕ್ಕಳಾದ ನಮಗೆ ಮೇಷ್ಟ್ರು ಜಯಚಾಮರಾಜ ಒಡೆಯರ ವಿಷಯವನ್ನೂ ಹೇಳದೆ ಬಿಡುತ್ತಿರಲಿಲ್ಲ. ಪಿಯಾನೋ ಚೆನ್ನಾಗಿ ಬಲ್ಲ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ದೇವಿಯ ಮೇಲೆ ಅಷ್ಟೊಂದು ಕೃತಿಗಳನ್ನು ರಚಿಸಿದರು.

ಹೊರಗಿನ ಧಾಟಿಯಲ್ಲಿ ಭಕ್ತಿ ಕಡಿಮೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಸುಮ್ನೆ ಎರಡು ಸಂಗೀತ ಬೆರೆಸಿದರೆ ಆಗುವುದಿಲ್ಲ, ಎರಡರ ಸ್ವಭಾವವೂ ಗೊತ್ತಿರಬೇಕು ಅಷ್ಟೇ. ಈಗ ಬಡಾವಣೆಯ ಭಜನೆಯಲ್ಲಿ ಗಿಟಾರ್ ನುಡಿಸುತ್ತೇನೆ. ಶಂಕರಾಭರಣಕ್ಕೆ ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ಸಲೀಸಾಗಿ ಕೂಡುತ್ತವೆ. ಗಮಕ ಜಾಸ್ತಿ ಇರುವ ತೋಡಿ ರಾಗ ಬಂದರೆ ಕಾರ್ಡು ಬಿಟ್ಟು ಷಡ್ಜ (ಸ), ಪಂಚಮ (ಪ) ಮಾತ್ರ ಮೀಟುತ್ತೇನೆ. ಮೇಷ್ಟ್ರ ಪಾಠದ ಫಲ ಅದು.

ಶಾಲೆಯ ಈಗಿನ ಸಂಗೀತ ಶಿಕ್ಷಕರಲ್ಲಿ ಒಂದೇ ಕೋರಿಕೆ: ಮಕ್ಕಳಿಗೆ ನೊಟ್ಟುಸ್ವರ ಕಲಿಸುವಾಗ ಕೋಟೆಯ ಬ್ಯಾಂಡಿನ ಕಥೆಯನ್ನೂ ಹೇಳಿ.