ಇವಾಶಿನಾ: ಗಾರೆಯವನ ಕೈಯ ಹಳ್ಳಿಶಾಲೆ

ಜಪಾನಿನ ಇಜು ಪರ್ಯಾಯದ್ವೀಪದ ಪಶ್ಚಿಮ ಕರಾವಳಿಗೆ ರೈಲುಹಾದಿಯಿಲ್ಲ. ಶಿಮೊಡಾದಲ್ಲಿ ರೈಲಿಳಿದು ಬಸ್ಸು ಹಿಡಿದು, ಗುಡ್ಡಗಳನ್ನು ದಾಟಿ ಮಾತ್ಸುಜಾಕಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಆ ಊರಿನ ಸೆರಗಿನಲ್ಲಿರುವ ಇವಾಶಿನಾ ಎಂಬ ಹಳ್ಳಿಯಲ್ಲಿ 1880ರಲ್ಲಿ ಕಟ್ಟಿ ಮುಗಿಸಿದ ಶಾಲೆಯೊಂದಿದೆ. ನಾನು ಹೊರಟಿದ್ದು ಅದಕ್ಕಾಗಿಯೇ.

ಎರಡಂತಸ್ತಿನ ಈ ಮರದ ಕಟ್ಟಡಕ್ಕೆ ಎದುರಿನಿಂದ ಪಾಶ್ಚಾತ್ಯ ಮುಖವಿದೆ: ನಡುವೆ ಮುಂಚಾಚಿದ ಬಾಗಿಲು, ಅದರ ಮೇಲೆ ಉಪ್ಪರಿಗೆ. ತಲೆ ಎತ್ತಿದರೆ ಜಪಾನಿನದೇ ಹಂಚಿನ ಮಾಡು. ಕಟ್ಟಿದವರು ಸ್ಥಳೀಯ ಬಡಗಿಗಳು. ತಗುಲಿದ 2,600 ಯೆನ್‌ಗೂ ಮಿಕ್ಕ ವೆಚ್ಚದಲ್ಲಿ ಸುಮಾರು ಹತ್ತರಲ್ಲಿ ನಾಲ್ಕು ಪಾಲನ್ನು ಊರಿನವರೇ ಚಂದಾ ಎತ್ತಿ ಕೊಟ್ಟರು.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಗೋಡೆಯ ಕೆಳಭಾಗ. ಚಪ್ಪಟೆಯಾದ ಕಪ್ಪು ಹಂಚುಗಳನ್ನು ಓರೆಯಾಗಿ ಜೋಡಿಸಿ, ಸಂದುಗಳ ಮೇಲೆ ಬಿಳಿ ಗಾರೆಯನ್ನು ಬೆರಳಿನ ಬೆನ್ನಿನಂತೆ ಉಬ್ಬಿಸಿ ಎಳೆದಿದ್ದಾರೆ. ಆ ಉಬ್ಬು ಕಡಲಸೌತೆಯೆಂಬ ಜಲಚರದಂತೆ ಕಾಣುವುದರಿಂದ ಇದಕ್ಕೆ ‘ನಾಮಾಕೊ’ ಗೋಡೆ ಎಂದು ಹೆಸರು. ಬೆಂಕಿಯನ್ನೂ ಕಡಲಗಾಳಿಯನ್ನೂ ತಡೆಯುವ ಉಪಾಯವಿದು. ಅಂದ ಆಮೇಲೆ ಬಂದದ್ದಿರಬೇಕು ಎಂದು ನನ್ನ ಊಹೆ. ನಮ್ಮಲ್ಲಿ ಸುಣ್ಣವನ್ನು ಗಾಣದಲ್ಲಿ ಅರೆದು ಬೆಲ್ಲ, ಅಳಲೆಕಾಯಿಗಳ ನೀರು ಬೆರೆಸುತ್ತಿದ್ದರೆ, ಅಲ್ಲಿ ಅರಳಿಸಿದ ಸುಣ್ಣಕ್ಕೆ ಸೆಣಬಿನ ನಾರನ್ನೂ ಕಡಲಪಾಚಿ ಬೇಯಿಸಿ ತೆಗೆದ ಅಂಟನ್ನೂ ಕಲೆಸುತ್ತಾರೆ.

ಪಾದರಕ್ಷೆ ಕಳಚಿಟ್ಟು ಮೇಲಂತಸ್ತಿಗೆ ಹತ್ತಿದರೆ ಪಾಶ್ಚಾತ್ಯ ವೇಷವೆಲ್ಲ ಕಳಚಿಬಿಡುತ್ತದೆ. ಚಾಪೆ ಹಾಸಿದ ‘ಕ್ರೌಂಚದ ಕೋಣೆ’ಯಲ್ಲಿ, ಬಾಗಿಲುಗಳ ಮೇಲಿನ ಪಟ್ಟಿಯುದ್ದಕ್ಕೂ 138 ಕ್ರೌಂಚಗಳು ಹಾರುತ್ತಿವೆ, ಎಲ್ಲವೂ ಹೊರಟಿರುವುದು ಸೂರ್ಯನ ಸಂಕೇತವಾದ ಕೆಂಪು ಗೋಡೆಯ ಕಡೆಗೆ. ಇವನ್ನು ಮಾಡಿದ ಇರಿಯೆ ಚೋಹಾಚಿ (1815–1889) ಮಾತ್ಸುಜಾಕಿಯವನೇ. ಎಡೊ ನಗರಕ್ಕೆ (ಇಂದಿನ ಟೋಕಿಯೊ) ಹೋಗಿ, ಕಾನೊ ಪಂಥದ ಚಿತ್ರಕಲೆ ಕಲಿತು, ಕುಂಚದ ಕೆಲಸವನ್ನು ಕರಣೆಗೆ ಒಗ್ಗಿಸಿದ ಗಾರೆಯವನು. ಒಂದು ಹಕ್ಕಿಯ ಭಂಗಿ ಇನ್ನೊಂದಕ್ಕಿಲ್ಲ. ಒಂದು ಕೊರಳು ಚಾಚಿದೆ, ಮತ್ತೊಂದು ರೆಕ್ಕೆಯನ್ನು ಕೆಳಕ್ಕೆ ಬಡಿದಿದೆ. ಗೋಡೆಯ ಮಟ್ಟದಿಂದ ತುಸುವೇ ಮೇಲೆದ್ದಿರುವ ಗಾರೆಯಲ್ಲಿ ಪುಕ್ಕಗಳ ಅಂಚು ಹೇಗೆ ಮೂಡಿತೆಂದು ಕತ್ತು ನೋಯುವವರೆಗೂ ನೋಡಿದೆ. ಪಾಠ ಕೇಳಬೇಕಾದ ಮಕ್ಕಳು ಇಲ್ಲಿ ಹಕ್ಕಿ ಎಣಿಸದೆ ಇದ್ದಾರೆಯೇ?

ಜಪಾನ್ ಸರ್ಕಾರ 1975ರಲ್ಲಿ ಈ ಶಾಲೆಯನ್ನು ಪ್ರಮುಖ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಹೊರಡುವಾಗ ಬಾಗಿಲ ಮೇಲಿನ ಡ್ರ್ಯಾಗನ್ ಕೆತ್ತನೆಯನ್ನು ಮತ್ತೊಮ್ಮೆ ನೋಡಿದೆ. ಅದೂ ಚೋಹಾಚಿಯದೇ, ಕರಣೆ ಕೆಳಗಿಟ್ಟು, ಉಳಿ ಹಿಡಿದು ಮರದಲ್ಲಿ ಕೆತ್ತಿದ್ದು. ಮೊದಲೇ ತಿಳಿದಿರದಿದ್ದರೆ ನಾನಂತೂ ಅದನ್ನು ಬಡಗಿಯ ಲೆಕ್ಕಕ್ಕೇ ಬರೆದು ಬಸ್ಸು ಹತ್ತುತ್ತಿದ್ದೆ.